ಹೈಡ್ರೋಜನ್ ಅಣುವಿನ ಬೆಳಕನ್ನು ಓದುವುದು ಹೇಗೆ: ನಕ್ಷತ್ರ ಹುಟ್ಟುವ ಮೋಡದಲ್ಲಿ ಹಿಗ್ಗುವ ಅನಿಲದ ಜಾಡು ಹಿಡಿಯಲು ಸಮಗ್ರ ಮಾರ್ಗದರ್ಶಿ

ನಕ್ಷತ್ರ ಹುಟ್ಟುವ ಮೋಡವೊಂದರ ಕಣಗಳನ್ನು ಎಣಿಸುತ್ತ ಹೋದರೆ ಹೈಡ್ರೋಜನ್ ಅಣುವೇ ಮತ್ತೆ ಮತ್ತೆ ಕೈಗೆ ಸಿಗುತ್ತದೆ. ನಡುನಡುವೆ ಹೀಲಿಯಂ, ಉಳಿದದ್ದೆಲ್ಲ ಚಿಟಿಕೆಯಷ್ಟು. ಹಾಗಿದ್ದರೂ ಅದೇ ಮೋಡದ ಚಿತ್ರವನ್ನು ಹೈಡ್ರೋಜನ್ ಅಣುವಿನ ಬೆಳಕಿನಲ್ಲಿ ತೆಗೆದರೆ ಬಹುಪಾಲು ಕತ್ತಲೆ. ಅಲ್ಲೊಂದು ಬಿಲ್ಲು, ಇಲ್ಲೊಂದು ಗಂಟು, ಅಂಚಿನಲ್ಲಿ ಒಂದು ತೆಳು ಎಳೆ, ಅಷ್ಟೆ. ಆ ಬಿಲ್ಲು, ಗಂಟು, ಎಳೆಗಳನ್ನು ಓದಿ ಅನಿಲ ಯಾವ ಕಡೆಗೆ, ಎಷ್ಟು ವೇಗದಲ್ಲಿ, ಎಷ್ಟು ಕಾಲದಿಂದ ಹರಡುತ್ತಿದೆ ಎಂದು ಹೇಳುವ ಕ್ರಮವನ್ನು ಇಲ್ಲಿ ಒಂದೊಂದೇ ಹಂತವಾಗಿ ಬಿಡಿಸಿದ್ದೇನೆ. ಬೇಕಾದದ್ದು ಒಂದು ಕಂಪ್ಯೂಟರ್, ಇಂಟರ್ನೆಟ್, ಪಿಯುಸಿ ಮಟ್ಟದ ಗಣಿತ. ದತ್ತಾಂಶವೆಲ್ಲ ಸಾರ್ವಜನಿಕ ಭಂಡಾರಗಳಲ್ಲಿ ಉಚಿತವಾಗಿಯೇ ಇದೆ.

ಕೈ ಹಾಕುವ ಮುಂಚೆ: ಈ ಅಣು ಏಕೆ ಸುಮ್ಮನಿರುತ್ತದೆ

ಎರಡೂ ಕಡೆ ಒಂದೇ ಬಗೆಯ ಪರಮಾಣು ಇರುವುದರಿಂದ ಹೈಡ್ರೋಜನ್ ಅಣುವಿಗೆ ವಿದ್ಯುತ್ ದ್ವಿಧ್ರುವವಿಲ್ಲ, ಎಂದರೆ ಒಂದು ತುದಿ ಧನ, ಇನ್ನೊಂದು ಋಣ ಎಂಬ ಭೇದವಿಲ್ಲ. ಸುತ್ತುವಾಗ, ಕಂಪಿಸುವಾಗ ಅದು ಬೆಳಕು ಚೆಲ್ಲಬೇಕಾದರೆ ಚತುರ್ಧ್ರುವದ (ಕ್ವಾಡ್ರುಪೋಲ್) ದುರ್ಬಲ ದಾರಿಯೊಂದೇ ಗತಿ. ಅದರ ಮೇಲೆ ಅಣು ಬಹಳ ಹಗುರ, ಹಾಗಾಗಿ ಶಕ್ತಿಯ ಮೆಟ್ಟಿಲುಗಳು ಎತ್ತರೆತ್ತರ. ಬೆಳಕು ಕೊಡಬಲ್ಲ ಅತಿ ಕೆಳಗಿನ ಮೆಟ್ಟಿಲೇ 510 ಕೆಲ್ವಿನ್ ಎತ್ತರದಲ್ಲಿದೆ (ಮೆಟ್ಟಿಲಿನ ಶಕ್ತಿಯನ್ನು ಅದಕ್ಕೆ ಸಮನಾದ ತಾಪವಾಗಿ ಹೇಳುವುದು ರೂಢಿ). ಅಲ್ಲಿಂದ ಇಳಿದಾಗ ಹೊರಡುವ ಕಿರಣದ ತರಂಗಾಂತರ 28.2 ಮೈಕ್ರಾನ್. ಮೋಡದ ಒಳಗಿನ ತಾಪ 10ರಿಂದ 20 ಕೆಲ್ವಿನ್. ಆ ಚಳಿಯಲ್ಲಿ ಮೊದಲ ಮೆಟ್ಟಿಲನ್ನು ಹತ್ತುವ ಅಣು ಇಲ್ಲವೆಂದೇ ಹೇಳಬೇಕು.

ಆದ್ದರಿಂದ ಒಂದು ಮಾತನ್ನು ಕೊನೆಯವರೆಗೂ ಮರೆಯಬೇಡಿ: ಹೈಡ್ರೋಜನ್ ಅಣು ಬೆಳಗುತ್ತಿದೆ ಎಂದರೆ ಅದಕ್ಕೆ ಈಚೆಗೆ ಏನೋ ಆಗಿದೆ. ಒಂದೋ ವೇಗದ ಅನಿಲ ಬಂದು ಗುದ್ದಿದೆ, ಇಲ್ಲವೇ ಬಿಸಿ ನಕ್ಷತ್ರದ ನೇರಳಾತೀತ ಕಿರಣ ತಾಕಿದೆ. ಗುದ್ದಿಗೆ ಬಿಸಿಯಾದ ದಟ್ಟ ಅನಿಲ ಕೆಲವೇ ವರ್ಷಗಳಲ್ಲಿ ತಣ್ಣಗಾಗಿ ಮತ್ತೆ ಕತ್ತಲೆಗೆ ಸೇರುತ್ತದೆ. ಹೆಚ್ಚು ಹೊಳೆಯುವ ಜಾಗದಲ್ಲಿ ಹೆಚ್ಚು ಅನಿಲವಿದೆ ಎಂದು ತಿಳಿಯುವುದು ಹೊಸಬರು ಮಾಡುವ ಮೊದಲ ತಪ್ಪು. ಹೊಳಪು ತೋರಿಸುವುದು ಘಟನೆಯನ್ನು, ದಾಸ್ತಾನನ್ನಲ್ಲ.

ಹಂತ 1: ಮೋಡವನ್ನು ಆರಿಸಿ ಚಿತ್ರ ಇಳಿಸಿಕೊಳ್ಳಿ

ಅಣು ಒಂದು ನಿಶ್ಚಿತ ತರಂಗಾಂತರದಲ್ಲಿ ಚೆಲ್ಲುವ ಬೆಳಕಿಗೆ ರೇಖೆ ಎನ್ನುತ್ತಾರೆ. ನಮ್ಮ ಮುಖ್ಯ ರೇಖೆ 2.1218 ಮೈಕ್ರಾನ್‌ನದು. ಇದಕ್ಕೆ 1-0 ಎಸ್(1) ಎಂದು ಹೆಸರು. ಅಣು ಮೊದಲನೆಯ ಕಂಪನ ಮಟ್ಟದಿಂದ ತಳಮಟ್ಟಕ್ಕೆ ಇಳಿದಾಗ ಹೊರಡುತ್ತದೆ. ಮೇಲಿನ ಮಟ್ಟ ಸುಮಾರು 6950 ಕೆಲ್ವಿನ್ ಎತ್ತರದಲ್ಲಿದೆ, ಹಾಗಾಗಿ ಅನಿಲ 2000 ಕೆಲ್ವಿನ್ ಆಸುಪಾಸಿಗೆ ಬಿಸಿಯಾದಾಗ ಇದು ಚೆನ್ನಾಗಿ ಕಾಣುತ್ತದೆ. ಭೂಮಿಯ ವಾತಾವರಣವೂ ಈ ತರಂಗಾಂತರವನ್ನು ಬಿಟ್ಟುಕೊಡುತ್ತದೆ. 1976ರಲ್ಲಿ ಮಹಾವ್ಯಾಧ (ಒರಾಯನ್) ನೀಹಾರಿಕೆಯಲ್ಲಿ ಹೈಡ್ರೋಜನ್ ಅಣುವಿನ ಚತುರ್ಧ್ರುವ ಬೆಳಕು ಮೊದಲ ಬಾರಿಗೆ ಸಿಕ್ಕಿದ್ದು ಇದೇ ಅವಕೆಂಪು ಕಿಟಕಿಯಲ್ಲಿ.

ವಿಶಾಲ ನೋಟ ಬೇಕಿದ್ದರೆ ಹವಾಯಿಯ ಮೌನಾ ಕೇಯಾ ಮೇಲಿನ 3.8 ಮೀಟರ್ ಯುಕರ್ಟ್ ದೂರದರ್ಶಕದ ಯುವಿಶ್2 ಸಮೀಕ್ಷೆಯಿಂದ ಶುರು ಮಾಡಿ. ಆಕಾಶಗಂಗೆಯ ಪಟ್ಟಿಯ ಉದ್ದಕ್ಕೂ ಈ ಒಂದೇ ರೇಖೆಯ ಸೋಸುಗದಲ್ಲಿ (ಫಿಲ್ಟರ್) ತೆಗೆದ ಚಿತ್ರಗಳು ಅಲ್ಲಿವೆ. ಸೂಕ್ಷ್ಮ ವಿವರ ಬೇಕಿದ್ದರೆ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಎಫ್212ಎನ್ ಮತ್ತು ಎಫ್470ಎನ್ ಸೋಸುಗಗಳ ಚಿತ್ರಗಳು ಮಾಸ್ಟ್ ಎಂಬ ದತ್ತಾಂಶ ಭಂಡಾರದಲ್ಲಿ ಸಿಗುತ್ತವೆ. ಎರಡನೆಯದು 4.69 ಮೈಕ್ರಾನ್‌ನ ರೇಖೆಯನ್ನು ಹಿಡಿಯುತ್ತದೆ. ಧೂಳು ಅಲ್ಲಿ ಇನ್ನೂ ಕಡಿಮೆ ಅಡ್ಡ ಬರುತ್ತದೆ. ಚಿತ್ರ ತೆರೆಯಲು ಡಿಎಸ್9 ಅಥವಾ ಅಲಾಡಿನ್, ಲೆಕ್ಕಕ್ಕೆ ಪೈಥಾನ್ ಮತ್ತು ಆಸ್ಟ್ರೋಪೈ ಸಾಕು.

ಮೊದಲ ಅಭ್ಯಾಸಕ್ಕೆ ನನ್ನ ಸಲಹೆ ಹರ್ಬಿಗ್-ಹಾರೋ (ಹೆಚ್‌ಹೆಚ್) ಪಟ್ಟಿಯ ಎರಡು ಕಾಯಗಳು: ಪರ್ಸಿಯಸ್ ಮೋಡದ ಹೆಚ್‌ಹೆಚ್ 211 ಅಥವಾ ಮಹಾವ್ಯಾಧದ ಹೆಚ್‌ಹೆಚ್ 212. ಎರಡರಲ್ಲೂ ಎಳೆಯ ನಕ್ಷತ್ರವೊಂದು ಎರಡು ಕಡೆಗೂ ಜೆಟ್, ಎಂದರೆ ಅನಿಲದ ಕಿರಿದಾದ ವೇಗದ ಧಾರೆ, ಚಿಮ್ಮುತ್ತಿದೆ, ಎರಡೂ ಬದಿ ಕನ್ನಡಿ ಹಿಡಿದಂತೆ ಕಾಣುತ್ತವೆ. ಮೊದಲ ದಿನವೇ ಮಹಾವ್ಯಾಧ ನೀಹಾರಿಕೆಯ ನಡುವಿಗೆ ಇಳಿಯಬೇಡಿ. ಅಲ್ಲಿ ಗುದ್ದು, ನೇರಳಾತೀತ ಕಿರಣ, ಪ್ರತಿಫಲಿತ ಬೆಳಕು ಎಲ್ಲ ಒಂದರ ಮೇಲೊಂದು ಬಿದ್ದಿವೆ.

ಹಂತ 2: ನಕ್ಷತ್ರಗಳ ಬೆಳಕನ್ನು ಕಳೆಯಿರಿ

ಸೋಸುಗ ಎಷ್ಟೇ ಕಿರಿದಾಗಿದ್ದರೂ ರೇಖೆಯ ಜೊತೆ ನಕ್ಷತ್ರಗಳ ಮತ್ತು ಧೂಳು ಪ್ರತಿಫಲಿಸಿದ ಬೆಳಕೂ ಬರುತ್ತದೆ. ಅದೇ ಜಾಗದ ಅಗಲ ಪಟ್ಟಿಯ, ಎಂದರೆ ಹಲವು ತರಂಗಾಂತರಗಳನ್ನು ಒಟ್ಟಿಗೆ ಹಿಡಿಯುವ ಸೋಸುಗದ, ಚಿತ್ರವೊಂದನ್ನು ತೆಗೆದುಕೊಳ್ಳಿ. ಎರಡನ್ನೂ ಪಿಕ್ಸೆಲ್ ಮೇಲೆ ಪಿಕ್ಸೆಲ್ ಕೂರುವಂತೆ ಜೋಡಿಸಿ, ಹತ್ತಿಪ್ಪತ್ತು ಸಾಧಾರಣ ನಕ್ಷತ್ರಗಳ ಹೊಳಪನ್ನು ಎರಡರಲ್ಲೂ ಅಳೆದು ಸರಾಸರಿ ಅನುಪಾತ ಕಂಡುಕೊಳ್ಳಿ. ಆ ಅನುಪಾತದಿಂದ ಅಗಲ ಪಟ್ಟಿಯ ಚಿತ್ರವನ್ನು ಹೊಂದಿಸಿ ಕಳೆಯಿರಿ. ಉಳಿದದ್ದು ಹೈಡ್ರೋಜನ್ ಅಣುವಿನದು.

ಇಲ್ಲಿ ಅವಸರ ಬೇಡ. ಎರಡು ರಾತ್ರಿಗಳ ವಾತಾವರಣ ಬೇರೆಯಾಗಿದ್ದರೆ ನಕ್ಷತ್ರಗಳ ಚುಕ್ಕೆಯ ಅಗಲವೂ ಬೇರೆ. ಕಳೆದ ಮೇಲೆ ಪ್ರಕಾಶಮಾನ ನಕ್ಷತ್ರದ ಸುತ್ತ ಉಂಗುರ ಉಳಿಯುತ್ತದೆ. ನಾನು ಕಲಿಯುವ ದಿನಗಳಲ್ಲಿ ಅಂಥ ಅರ್ಧ ಉಂಗುರವನ್ನು ಬಿಲ್ಲಿನಾಕಾರದ ಆಘಾತವೆಂದು ನಂಬಿ ಮೂರು ದಿನ ಅದರ ಬೆನ್ನು ಹತ್ತಿದ್ದೆ. ಚಿತ್ರದ ಎಲ್ಲ ಪ್ರಕಾಶಮಾನ ನಕ್ಷತ್ರಗಳ ಸುತ್ತಲೂ ಅದೇ ಆಕಾರ ಇದೆಯೇ ಎಂದು ಮೊದಲು ನೋಡಿಬಿಡಿ. ಇದ್ದರೆ ಅದು ಕಳೆಯುವಿಕೆಯ ಕೊಳೆ.

ಹಂತ 3: ಆಕಾರ ನೋಡಿ ಊಹೆ ಕಟ್ಟಿ

ಬಿಲ್ಲಿನಾಕಾರವಿದ್ದು ಅದರ ಮೊನೆ ಒಂದು ಎಳೆಯ ನಕ್ಷತ್ರದಿಂದ ಆಚೆಗೆ ತೋರಿಸುತ್ತಿದ್ದರೆ, ಬಹುಮಟ್ಟಿಗೆ ಜೆಟ್. ಸರಪಳಿಯಂತೆ ಗಂಟುಗಳು ಒಂದೇ ಗೆರೆಯಲ್ಲಿದ್ದರೆ ನಕ್ಷತ್ರ ಬಿಟ್ಟುಬಿಟ್ಟು ಚಿಮ್ಮಿಸಿದೆ. ಬಿಸಿ ನಕ್ಷತ್ರದ ಕಡೆಗೆ ಮುಖ ಮಾಡಿ ಮೋಡದ ಅಂಚಿನುದ್ದಕ್ಕೂ ತೆಳು ಗೆರೆ ಹರಿದಿದ್ದರೆ ನೇರಳಾತೀತ ಕಿರಣದ ಕೆಲಸವಿರಬಹುದು. ಇವೆಲ್ಲ ಊಹೆಗಳು ಮಾತ್ರ. ಹಿಗ್ಗುತ್ತಿರುವ ಗುಳ್ಳೆಯ ಅಂಚಿನಲ್ಲಿ ಗುದ್ದೂ ಕಿರಣವೂ ಎರಡೂ ಇರುತ್ತವೆ. ಆಕಾರ ಅಲ್ಲಿ ತೀರ್ಪು ಕೊಡಲಾರದು.

ಹಂತ 4: ಗುದ್ದೋ, ಕಿರಣವೋ? ರೋಹಿತವನ್ನೇ ಕೇಳಿ

ಈ ಹಂತದಲ್ಲಿ ಸಮಯ ಕೊಟ್ಟಷ್ಟೂ ಮುಂದೆ ಲಾಭ. ಇದು ತಪ್ಪಿದರೆ ಆಮೇಲಿನ ವೇಗ, ವಯಸ್ಸು ಯಾವುದಕ್ಕೂ ಅರ್ಥವಿರುವುದಿಲ್ಲ.

ರೋಹಿತದಲ್ಲಿ, ಎಂದರೆ ತರಂಗಾಂತರಗಳಾಗಿ ಬಿಡಿಸಿದ ಬೆಳಕಿನಲ್ಲಿ, ಎರಡು ರೇಖೆ ಹುಡುಕಿ: 2.1218 ಮೈಕ್ರಾನ್‌ನ 1-0 ಎಸ್(1), 2.2477 ಮೈಕ್ರಾನ್‌ನ 2-1 ಎಸ್(1). ಎರಡನೆಯದು ಎರಡನೆಯ ಕಂಪನ ಮಟ್ಟದಿಂದ, ಸುಮಾರು 12,550 ಕೆಲ್ವಿನ್ ಎತ್ತರದಿಂದ ಇಳಿದದ್ದು. ಎರಡನೆಯದರ ತೀವ್ರತೆಯನ್ನು ಮೊದಲನೆಯದರಿಂದ ಭಾಗಿಸಿ. ತರಂಗಾಂತರಗಳು ಅಕ್ಕಪಕ್ಕದಲ್ಲೇ ಇರುವುದರಿಂದ ಧೂಳು ಈ ಅನುಪಾತವನ್ನು ಹೆಚ್ಚು ಕೆಡಿಸುವುದಿಲ್ಲ.

ಅನಿಲ ಗುದ್ದಿನಿಂದ ಬಿಸಿಯಾಗಿದ್ದರೆ ಎರಡೂ ಮಟ್ಟಗಳಲ್ಲಿ ಅಣುಗಳು ತಾಪಕ್ಕೆ ತಕ್ಕಂತೆ ಹಂಚಿಕೊಂಡಿರುತ್ತವೆ. ಆಗ ತಾಪವನ್ನು ಹೀಗೆ ಪಡೆಯಬಹುದು:

ತಾಪ (ಕೆಲ್ವಿನ್) = 5600 ÷ ನೈಸರ್ಗಿಕ ಲಾಗ್ (1.35 ÷ ಅನುಪಾತ)

ಅನುಪಾತ 0.1 ಬಂದಿತೆನ್ನಿ. 1.35 ÷ 0.1 = 13.5, ಅದರ ಲಾಗ್ 2.60, ತಾಪ ಸುಮಾರು 2150 ಕೆಲ್ವಿನ್. ಆಘಾತ ತರಂಗದ ಹಿಂದಿನ ಅನಿಲಕ್ಕೆ ಇದು ಒಪ್ಪುವ ಸಂಖ್ಯೆ.

ಈಗ ಅನುಪಾತ 0.54 ಎಂದಿಟ್ಟು ಅದೇ ಲೆಕ್ಕ ಮಾಡಿ. ತಾಪ 6100 ಕೆಲ್ವಿನ್ ದಾಟುತ್ತದೆ. ಅಷ್ಟು ಬಿಸಿಯಲ್ಲಿ ಹೈಡ್ರೋಜನ್ ಅಣು ಒಡೆದು ಪರಮಾಣುಗಳಾಗದೆ ಉಳಿಯದು. ಅಣು ಕಣ್ಣೆದುರಿಗೇ ಬೆಳಗುತ್ತಿದೆ, ಲೆಕ್ಕ ಅದು ಇರಲಾರದು ಎನ್ನುತ್ತದೆ. ಸೂತ್ರ ಊಹಿಸಿಕೊಂಡ ಪರಿಸ್ಥಿತಿಯೇ ಅಲ್ಲಿಲ್ಲ ಎಂದರ್ಥ. 0.54ರ ಆಸುಪಾಸಿನ ಅನುಪಾತ ಪ್ರತಿದೀಪ್ತಿಯ ಗುರುತು: ನೇರಳಾತೀತ ಕಿರಣ ಅಣುವನ್ನು ಬಹಳ ಮೇಲಕ್ಕೆ ಎತ್ತುತ್ತದೆ, ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ದಾರಿಯುದ್ದಕ್ಕೂ ಅವಕೆಂಪು ಕಿರಣ ಚೆಲ್ಲುತ್ತದೆ. ಹೀಗೆ ಎತ್ತಲ್ಪಟ್ಟ ಅಣುಗಳಲ್ಲಿ ಹತ್ತರಲ್ಲಿ ಸುಮಾರು ಒಂದು ಒಡೆದುಹೋಗುತ್ತದೆ, ಉಳಿದವು ಬೆಳಗುತ್ತವೆ. ಮಹಾವ್ಯಾಧದ ಎನ್‌ಜಿಸಿ 2023 ಇದಕ್ಕೆ ಮಾದರಿ ನೀಹಾರಿಕೆ.

ಒಂದು ಬಲೆ ಇದೆ. ಅನಿಲ ತುಂಬ ದಟ್ಟವಾಗಿದ್ದರೆ, ಘನ ಸೆಂಟಿಮೀಟರಿಗೆ ಲಕ್ಷ ಕಣಗಳ ಮೇಲಾದರೆ, ನೇರಳಾತೀತದಿಂದ ಎತ್ತಲ್ಪಟ್ಟ ಅಣುಗಳೂ ಪರಸ್ಪರ ಡಿಕ್ಕಿ ಹೊಡೆದು ಕೆಳಗಿನ ಮಟ್ಟಗಳಲ್ಲಿ ತಾಪಕ್ಕೆ ತಕ್ಕಂತೆ ಹಂಚಿಕೊಳ್ಳುತ್ತವೆ. ಅನುಪಾತ ಇಳಿದು ಗುದ್ದಿನಂತೆಯೇ ಕಾಣುತ್ತದೆ. ಬಿಡಿಸಿಕೊಳ್ಳಲು ಎರಡು ದಾರಿ. 1.5ರಿಂದ 1.8 ಮೈಕ್ರಾನ್ ನಡುವೆ ಆರನೆಯ ಕಂಪನ ಮಟ್ಟದಂಥ ಎತ್ತರದಿಂದ ಹೊರಡುವ ರೇಖೆಗಳಿವೆಯೇ ನೋಡಿ. ಗುದ್ದಿನ ಬಿಸಿ ಅಷ್ಟು ಮೇಲಕ್ಕೆ ಅಣುಗಳನ್ನು ಏರಿಸಲಾರದು. ಹಾಗೆಯೇ ರೇಖೆಯ ಅಗಲ ನೋಡಿ; ಅಣುಗಳ ವೇಗಗಳು ಬೇರೆ ಬೇರೆಯಾದಷ್ಟೂ ರೇಖೆ ಅಗಲವಾಗುವುದರಿಂದ ಅದನ್ನು ವೇಗದಲ್ಲೇ ಹೇಳುತ್ತಾರೆ. ಕಿರಣ ತಾಗಿದ ಅನಿಲದಲ್ಲಿ ರೇಖೆ ಸೆಕೆಂಡಿಗೆ ಕೆಲವೇ ಕಿಲೋಮೀಟರ್ ಅಗಲ. ಗುದ್ದು ತಿಂದ ಅನಿಲದಲ್ಲಿ ಹತ್ತಾರು ಕಿಲೋಮೀಟರ್.

ಧೂಳಿನ ಮರೆ ಎಷ್ಟಿದೆಯೆಂದು ತಿಳಿಯಲು 2.4237 ಮೈಕ್ರಾನ್‌ನ 1-0 ಕ್ಯೂ(3) ರೇಖೆ ಉಪಕಾರಿ. ಅದೂ ಎಸ್(1) ರೇಖೆಯೂ ಒಂದೇ ಮೇಲ್ಮಟ್ಟದಿಂದ ಹೊರಡುತ್ತವೆ, ಹಾಗಾಗಿ ಕ್ಯೂ(3)ರ ತೀವ್ರತೆಯನ್ನು ಎಸ್(1)ರದರಿಂದ ಭಾಗಿಸಿದ ಅನುಪಾತ ತಾಪದ ಹಂಗಿಲ್ಲದೆ 0.70 ಇರಲೇಬೇಕು. ಹೆಚ್ಚು ಬಂದರೆ ಅಷ್ಟು ಧೂಳು ಎಂದು ಲೆಕ್ಕ. ನೆಲದ ಮೇಲಿನ ದೂರದರ್ಶಕವಾದರೆ 2.4 ಮೈಕ್ರಾನ್ ಬಳಿ ವಾತಾವರಣದ ನೀರಾವಿ ಕೈ ಹಾಕುತ್ತದೆ, ಎಚ್ಚರ.

ಹಂತ 5: ನಮ್ಮ ಕಡೆಗಿನ ವೇಗ

ಚಿತ್ರ ವೇಗ ಹೇಳುವುದಿಲ್ಲ. ಯುಕರ್ಟ್‌ನ ಸೋಸುಗ 0.021 ಮೈಕ್ರಾನ್ ಅಗಲ, ಅಂದರೆ ಸೆಕೆಂಡಿಗೆ ಸುಮಾರು 3000 ಕಿಲೋಮೀಟರ್ ವ್ಯಾಪ್ತಿ. ಅದರೊಳಗೆ ಎಲ್ಲವೂ ಒಂದೇ. ರೋಹಿತದಲ್ಲಿ ರೇಖೆ ಸರಿದದ್ದನ್ನು ಅಳೆಯಬೇಕು. ಸೆಕೆಂಡಿಗೆ 100 ಕಿಲೋಮೀಟರ್ ವೇಗಕ್ಕೆ 2.1218ರ ರೇಖೆ ಸರಿಯುವುದು ಬರೀ 0.0007 ಮೈಕ್ರಾನ್. ವೆಬ್‌ನ ನಿಯರ್‌ಸ್ಪೆಕ್ ಉಪಕರಣದ ಅತಿ ಸೂಕ್ಷ್ಮ ವಿಭೇದನೆ (ತರಂಗಾಂತರವನ್ನು ಬಿಡಿಸಿ ಕಾಣಬಲ್ಲ ಅತಿ ಸಣ್ಣ ಅಂತರದಿಂದ ಭಾಗಿಸಿದ ಸಂಖ್ಯೆ) ಸುಮಾರು 2700, ಎಂದರೆ ಸೆಕೆಂಡಿಗೆ 110 ಕಿಲೋಮೀಟರ್. ರೇಖೆಯ ನಡುಬಿಂದುವನ್ನು ಅದಕ್ಕಿಂತ ನಿಖರವಾಗಿ ಗುರುತಿಸಬಹುದು, ಆದರೆ 20 ಕಿಲೋಮೀಟರ್ ಅಗಲದ ರೇಖೆಯ ಒಳ ಆಕಾರ ಕಾಣದು. ಅದಕ್ಕೆ ಇಗ್ರಿನ್ಸ್‌ನಂಥ, 45,000 ವಿಭೇದನೆಯ ಉಪಕರಣ ಬೇಕು.

ಕಾಲು ಜಾರುವ ಕಡೆ ಎರಡಿವೆ. ಮೊದಲನೆಯದು ಗಾಳಿ ಮತ್ತು ನಿರ್ವಾತ. 2.1218 ಎಂಬುದು ನಿರ್ವಾತದ ತರಂಗಾಂತರ. ಗಾಳಿಯಲ್ಲಿ ಅದು 2.1212. ದತ್ತಾಂಶ ಒಂದರಲ್ಲಿದ್ದು ನೀವು ಹೋಲಿಸುವ ಸಂಖ್ಯೆ ಇನ್ನೊಂದರದಾದರೆ ಸೆಕೆಂಡಿಗೆ ಸುಮಾರು 80 ಕಿಲೋಮೀಟರ್ ಸುಳ್ಳು ವೇಗ ನುಸುಳುತ್ತದೆ. ಒಮ್ಮೆ ನನ್ನ ಲೆಕ್ಕದಲ್ಲಿ ಇಡೀ ಮೋಡವೇ ನಮ್ಮಿಂದ ಓಡಿಹೋಗುತ್ತಿತ್ತು, ಕಾರಣ ಇದೇ. ಎರಡನೆಯದು ಭೂಮಿಯ ಓಟ. ಸೂರ್ಯನ ಸುತ್ತ ನಾವು ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದೇವೆ. ವೀಕ್ಷಣೆಯ ದಿನಾಂಕಕ್ಕೆ ತಕ್ಕಂತೆ ಅದನ್ನು ಕಳೆಯಲೇಬೇಕು. ಆಸ್ಟ್ರೋಪೈಯಲ್ಲಿ ಇದಕ್ಕೆ ಸಿದ್ಧ ಆದೇಶವಿದೆ. ಆಮೇಲೆ ಮೋಡದ ಸ್ವಂತ ವೇಗವನ್ನೂ ಕಳೆದರೆ ಉಳಿಯುವುದು ಹಿಗ್ಗುವಿಕೆ.

ಇನ್ನೊಂದು ಸಂಗತಿಯನ್ನು ಬಿಡಿಸಿ ಹೇಳಲೇಬೇಕು: ಅನಿಲ ಸಾಗುವ ವೇಗ ಬೇರೆ, ಗುದ್ದಿನ ವೇಗ ಬೇರೆ. ನೇರ ಗುದ್ದು ಸೆಕೆಂಡಿಗೆ 25 ಕಿಲೋಮೀಟರ್ ಮೀರಿದರೆ ಹೈಡ್ರೋಜನ್ ಅಣು ಒಡೆಯತೊಡಗುತ್ತದೆ. ಕಾಂತಕ್ಷೇತ್ರ ಮೆತ್ತೆಯಂತೆ ನಡುವೆ ನಿಂತು ಗುದ್ದನ್ನು ಹದಗೊಳಿಸಿದರೆ 40–50ರವರೆಗೂ ತಾಳೀತು. ಹಾಗಾದರೆ 100 ಕಿಲೋಮೀಟರ್ ವೇಗದ ಜೆಟ್‌ನಲ್ಲಿ ಅಣುಗಳು ಹೇಗೆ ಉಳಿದಿವೆ? ಮುಂದಿರುವ ಅನಿಲವೂ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಓಡುತ್ತಿದ್ದರೆ ಹಿಂದಿನಿಂದ ಬಂದದ್ದು ಅದಕ್ಕೆ ತಾಕುವುದು ಮೆಲ್ಲಗೆ. 2023ರಲ್ಲಿ ವೆಬ್ ತೋರಿಸಿದ ಹೆಚ್‌ಹೆಚ್ 211ರಲ್ಲಿ ಆಗಿದ್ದು ಇದೇ: ಒಳಗಿನ ಹರಿವು ಸೆಕೆಂಡಿಗೆ 80ರಿಂದ 100 ಕಿಲೋಮೀಟರ್, ಆದರೆ ಅದು ಗುದ್ದುತ್ತಿರುವ ಅನಿಲಕ್ಕೂ ಅದಕ್ಕೂ ವೇಗದ ವ್ಯತ್ಯಾಸ ಅಣುವನ್ನು ಒಡೆಯುವಷ್ಟಿಲ್ಲ.

ಹಂತ 6: ಆಕಾಶದ ಮೇಲಿನ ಓಟ

ಹತ್ತು ವರ್ಷದ ಅಂತರದ ಎರಡು ಚಿತ್ರ ಸಿಕ್ಕರೆ ಗಂಟುಗಳು ಸರಿದದ್ದನ್ನೇ ಅಳೆಯಬಹುದು. ಹಿನ್ನೆಲೆಯ ನಕ್ಷತ್ರಗಳನ್ನು ಗೂಟಗಳಂತೆ ಬಳಸಿ ಎರಡು ಚಿತ್ರಗಳನ್ನು ಹೊಂದಿಸಿ, ಗಂಟಿನ ನಡುಬಿಂದು ಗುರುತಿಸಿ.

ವೇಗ (ಸೆಕೆಂಡಿಗೆ ಕಿಲೋಮೀಟರ್) = 4.74 × ವರ್ಷಕ್ಕೆ ಸರಿದ ಆರ್ಕ್‌ಸೆಕೆಂಡ್ × ದೂರ (ಪಾರ್ಸೆಕ್)

ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು, ಪಾರ್ಸೆಕ್ ಎಂದರೆ ಸುಮಾರು 3.26 ಜ್ಯೋತಿರ್ವರ್ಷ.

400 ಪಾರ್ಸೆಕ್ ದೂರದಲ್ಲಿ ಒಂದು ಗಂಟು ಹತ್ತು ವರ್ಷದಲ್ಲಿ ಅರ್ಧ ಆರ್ಕ್‌ಸೆಕೆಂಡ್ ಸರಿದಿದೆ ಎನ್ನೋಣ. 4.74 × 0.05 × 400 = 95. ರೋಹಿತ ಅದೇ ಗಂಟಿಗೆ ನಮ್ಮ ಕಡೆಗೆ 30 ಕಿಲೋಮೀಟರ್ ಎಂದಿದ್ದರೆ, ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದಾಗ ನಿಜ ವೇಗ ಸುಮಾರು 100. ಹರಿವು ಆಕಾಶದ ಸಮತಲದಿಂದ ಸುಮಾರು 18 ಡಿಗ್ರಿ ನಮ್ಮತ್ತ ಬಾಗಿದೆ.

ಎಚ್ಚರಿಕೆ: ಗಂಟು ಸರಿಯುವುದರ ಜೊತೆಗೆ ಆಕಾರವನ್ನೂ ಬದಲಿಸುತ್ತದೆ. ಒಂದು ಬದಿ ತಣ್ಣಗಾಗಿ ಮಂಕಾದರೆ ನಡುಬಿಂದು ತಾನಾಗಿಯೇ ಜರುಗಿದಂತೆ ತೋರುತ್ತದೆ. ಒಂದೇ ಗಂಟನ್ನು ನಂಬದೆ ಸರಪಳಿಯ ಎಲ್ಲವನ್ನೂ ಅಳೆಯಿರಿ.

ಹಂತ 7: ತಣ್ಣನೆಯ ಅನಿಲದ ಸಾಕ್ಷ್ಯ

ಗುದ್ದು ತಿಂದು ಬೆಳಗಿದ್ದು ಹಿಡಿಯಷ್ಟು. ತಳ್ಳಿಸಿಕೊಂಡು ಹೋಗುತ್ತಿರುವ ಬಹುಪಾಲು ಅನಿಲ ತಣ್ಣಗಿದೆ. ಅದನ್ನು ಕಾಣಲು ಕಾರ್ಬನ್ ಮಾನಾಕ್ಸೈಡ್ ಬೇಕು. ಅದರ 115.27 ಗಿಗಾಹರ್ಟ್ಸ್ ರೇಖೆಯ ಮೇಲ್ಮಟ್ಟ ಬರೀ 5.5 ಕೆಲ್ವಿನ್ ಎತ್ತರದಲ್ಲಿದೆ, ಮೋಡದ ಚಳಿಯಲ್ಲೂ ಧಾರಾಳವಾಗಿ ಬೆಳಗುತ್ತದೆ. 1970ರಲ್ಲಿ ಮಹಾವ್ಯಾಧದಲ್ಲಿ ಇದನ್ನು ಕಂಡುಹಿಡಿದವರು ವಿಲ್ಸನ್, ಜೆಫರ್ಟ್ಸ್ ಮತ್ತು ಪೆಂಜಿಯಾಸ್. 1980ರಲ್ಲಿ ವೃಷಭದ ಎಲ್1551 ಮೋಡದಲ್ಲಿ ಅನಿಲ ಎದುರುಬದುರು ದಿಕ್ಕಿಗೆ ಹರಿಯುತ್ತಿರುವುದು ಇದೇ ಅಣುವಿನಿಂದ ಸ್ಪಷ್ಟವಾಯಿತು.

ಚಿಲಿಯ ಆಲ್ಮಾ ರೇಡಿಯೋ ದೂರದರ್ಶಕಗಳ ಭಂಡಾರದಿಂದ ಘನ ದತ್ತಾಂಶ ಇಳಿಸಿಕೊಳ್ಳಿ: ಎರಡು ಅಕ್ಷ ಆಕಾಶದ್ದು, ಮೂರನೆಯದು ವೇಗದ್ದು. ವೇಗದ ಹಾಳೆಗಳನ್ನು ಒಂದೊಂದಾಗಿ ತಿರುವಿ ಹಾಕಿ. ಹಿಗ್ಗುವ ಟೊಳ್ಳು ಗುಳ್ಳೆಯಾದರೆ ಮೋಡದ ಸ್ವಂತ ವೇಗದ ಹಾಳೆಯಲ್ಲಿ ಅತಿ ದೊಡ್ಡ ಉಂಗುರ, ಎರಡೂ ಕಡೆ ಹೋದಂತೆ ಉಂಗುರ ಕುಗ್ಗಿ ಕೊನೆಗೆ ಚುಕ್ಕೆ. ಜೆಟ್ ತಳ್ಳಿದ ಅನಿಲವಾದರೆ ನೀಲಿ ಕಡೆಯದು (ನಮ್ಮತ್ತ ಬರುವುದು) ಒಂದು ಬದಿ, ಕೆಂಪು ಕಡೆಯದು (ದೂರ ಸರಿಯುವುದು) ಇನ್ನೊಂದು ಬದಿ. ಒಂದೇ ಬಿಂದುವಿನಿಂದ ಎಲ್ಲ ದಿಕ್ಕಿಗೂ ಎಳೆಗಳು ಹೊರಟು, ಪ್ರತಿ ಎಳೆಯಲ್ಲೂ ದೂರ ಹೋದಷ್ಟೂ ವೇಗ ಅದೇ ಪ್ರಮಾಣದಲ್ಲಿ ಏರುತ್ತಿದ್ದರೆ ಅದು ಸ್ಫೋಟ: ಎಲ್ಲವೂ ಒಂದೇ ಕ್ಷಣ ಹೊರಟಿವೆ, ವೇಗವಾದದ್ದು ಮುಂದೆ ಇದೆ. ಒಂದು ಹಾಳೆಯಲ್ಲಿ ಉಂಗುರ ಕಂಡ ಮಾತ್ರಕ್ಕೆ ಹಿಗ್ಗುವ ಗುಳ್ಳೆ ಎನ್ನಬೇಡಿ. ಮೋಡಗಳಲ್ಲಿ ಸುಮ್ಮನೆ ರಂಧ್ರಗಳೂ ಇರುತ್ತವೆ. ಕುಗ್ಗುವ ಉಂಗುರದ ಸರಣಿ ಇಲ್ಲದಿದ್ದರೆ ಹಿಗ್ಗುವಿಕೆಗೆ ಪುರಾವೆಯಿಲ್ಲ.

ಹಂತ 8: ವಯಸ್ಸು

ಗಂಟು ನಕ್ಷತ್ರದಿಂದ 60 ಆರ್ಕ್‌ಸೆಕೆಂಡ್ ಆಚೆ ಇದ್ದು ವರ್ಷಕ್ಕೆ 0.05 ಸರಿಯುತ್ತಿದ್ದರೆ 60 ÷ 0.05 = 1200 ವರ್ಷ. ಗಮನಿಸಿ, ಈ ಲೆಕ್ಕದಲ್ಲಿ ಮೋಡದ ದೂರವೂ ಬೇಕಾಗಲಿಲ್ಲ, ಬಾಗುವಿಕೆಯ ಕೋನವೂ ಬೇಕಾಗಲಿಲ್ಲ. ಖಗೋಳದಲ್ಲಿ ದೂರವೇ ದೊಡ್ಡ ತಲೆನೋವು. ಅದನ್ನು ಪೂರ್ತಿ ತಪ್ಪಿಸುವ ಇಂಥ ಅಳತೆ ಸಿಕ್ಕಾಗ ನನಗೆ ಈಗಲೂ ಸಂತೋಷವಾಗುತ್ತದೆ.

ಅನಿಲ ದಾರಿಯಲ್ಲಿ ನಿಧಾನಗೊಂಡಿದ್ದರೆ ಈ ಸಂಖ್ಯೆ ನಿಜಕ್ಕಿಂತ ಹೆಚ್ಚು. ಬಿಸಿ ನಕ್ಷತ್ರ ಅಯಾನೀಕರಿಸಿ ಹಿಗ್ಗಿಸಿದ ಗುಳ್ಳೆ ಬೆಳೆದಂತೆ ನಿಧಾನವಾಗುತ್ತದೆ; ಚೆನ್ನಾಗಿ ಬೆಳೆದ ಗುಳ್ಳೆಗೆ ತ್ರಿಜ್ಯವನ್ನು ವೇಗದಿಂದ ಭಾಗಿಸಿ 4/7ರಿಂದ ಗುಣಿಸಬೇಕು. ನಕ್ಷತ್ರ ಮಾರುತದ ಗುಳ್ಳೆಯಾದರೆ 3/5. ಒಂದು ಪಾರ್ಸೆಕ್ ದಾಟಲು ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಲ್ಲಿ 9,78,000 ವರ್ಷ ಬೇಕೆಂದು ನೆನಪಿಟ್ಟುಕೊಂಡರೆ ಉಳಿದದ್ದು ಬಾಯಿಲೆಕ್ಕ. ಜೆಟ್‌ನ ವಿಷಯದಲ್ಲಿ ಇನ್ನೊಂದು ಮಾತು: ಗಂಟಿನ ವಯಸ್ಸು ಆ ಒಂದು ಚಿಮ್ಮುವಿಕೆಯದು. ನಕ್ಷತ್ರ ಅದಕ್ಕಿಂತ ಬಹಳ ಹಿರಿಯದಿರಬಹುದು.

ಎಲ್ಲವನ್ನೂ ಒಂದೇ ಕಡೆ ಹೂಡಿ ನೋಡಲು

ಕೈ ಕುದುರಿದ ಮೇಲೆ ಮಹಾವ್ಯಾಧ ನೀಹಾರಿಕೆಯ ಹಿಂದಿನ ಬಿಎನ್-ಕೆಎಲ್ (ಬೆಕ್ಲಿನ್-ನಾಯ್ಗೆಬೌರ್, ಕ್ಲೈನ್‌ಮನ್-ಲೋ) ಪ್ರದೇಶಕ್ಕೆ ಬನ್ನಿ. ದೂರ ಸುಮಾರು 414 ಪಾರ್ಸೆಕ್. 2.1218ರ ಚಿತ್ರದಲ್ಲಿ ಹರಡಿದ ಬೆರಳುಗಳಂತೆ ಹತ್ತಾರು ಎಳೆಗಳು ಕಾಣುತ್ತವೆ. 1.644 ಮೈಕ್ರಾನ್‌ನ ಕಬ್ಬಿಣದ ರೇಖೆಯ ಚಿತ್ರವನ್ನು ಪಕ್ಕದಲ್ಲಿಡಿ: ಬೆರಳಿನ ತುದಿಗಳಲ್ಲಿ ಕಬ್ಬಿಣ, ಹಿಂದಿನ ಎಳೆಯಲ್ಲಿ ಹೈಡ್ರೋಜನ್ ಅಣು. ತುದಿಯಲ್ಲಿ ಗುದ್ದು ಜೋರಾಗಿ ಅಣು ಒಡೆದುಹೋಗಿದೆ, ಧೂಳಿನಿಂದ ಬಿಡುಗಡೆಯಾದ ಕಬ್ಬಿಣ ಬೆಳಗುತ್ತಿದೆ. ಪಕ್ಕಗಳಲ್ಲಿ ಗುದ್ದು ಓರೆಯಾಗಿ ಬಿದ್ದದ್ದರಿಂದ ಅಣು ಉಳಿದಿದೆ. ನಾಲ್ಕನೆಯ, ಐದನೆಯ ಹಂತದಲ್ಲಿ ಹೇಳಿದ್ದೆಲ್ಲ ಒಂದೇ ಬೆರಳಿನಲ್ಲಿದೆ.

ತುದಿಗಳ ಓಟ ಅಳೆಯಿರಿ. ಅತಿ ವೇಗದವು ಸೆಕೆಂಡಿಗೆ 300 ಕಿಲೋಮೀಟರ್ ಮುಟ್ಟುತ್ತವೆ. ಕಾರ್ಬನ್ ಮಾನಾಕ್ಸೈಡ್‌ನ ಹಾಳೆಗಳಲ್ಲಿ ಎಳೆ ಎಳೆಯಲ್ಲೂ ದೂರದ ಜೊತೆ ವೇಗ ಏರುವುದನ್ನು ನೋಡಿ. ಎಲ್ಲ ಬೆರಳುಗಳನ್ನೂ ಹಿಂದಕ್ಕೆ ಎಳೆಯಿರಿ, ಅವು ಒಂದೇ ಜಾಗದಲ್ಲಿ ಕೂಡುತ್ತವೆ, ಸುಮಾರು 500 ವರ್ಷದ ಹಿಂದೆ. ಈಗ ರೇಡಿಯೋ ದೂರದರ್ಶಕಗಳು ಅಳೆದ ಬಿಎನ್ ಮತ್ತು ಸೋರ್ಸ್ ಐ ಎಂಬ ಎರಡು ಭಾರೀ ಎಳೆಯ ನಕ್ಷತ್ರಗಳ ಓಟವನ್ನು ಅದೇ ನಕ್ಷೆಯ ಮೇಲೆ ಎಳೆಯಿರಿ. ಅವು ಪರಸ್ಪರ ದೂರ ಓಡುತ್ತಿವೆ. ಅವುಗಳ ದಾರಿಯನ್ನೂ ಹಿಂದಕ್ಕೆ ಒಯ್ದರೆ, ಅದೇ ಜಾಗ, ಹೆಚ್ಚುಕಡಿಮೆ ಅದೇ ಕಾಲ.